ಬಾಯಿ ಮುಚ್ಚಿದ ಹುಡೇವು

ಜನವರಿ 10, ಶನಿವಾರ

ಬೆಳಗಿನ ಜಾವ ಮೂರೂ ನಲವತ್ತು. ಹಿತ್ತಲ ಗೋಡೆಯ ಆಚೆ ಏನೋ ದಪ್ಪನೆ ಬಿತ್ತು. ಅದರ ಬೆನ್ನಿಗೇ ಮೊರದಿಂದ ಅಕ್ಕಿ ಸುರುವಿದಂತೆ ಸಣ್ಣ ಸದ್ದು, ಬಹಳ ಹೊತ್ತು. ಶಿವಾನಿ ಏಳಲಿಲ್ಲ. ಏಳಲಿಲ್ಲವಲ್ಲ ಎಂದೇ ಅವಳ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ಎಣಿಸಿದೆ. ನಿಮಿಷಕ್ಕೆ ಮೂವತ್ತೆರಡು. ಮತ್ತೆ ಎಣಿಸಿದರೆ ಮೂವತ್ತು. ಎರಡು ಎಲ್ಲಿ ಹೋದವು ಎಂದು ಮೂರನೆಯ ಸಲ ಎಣಿಸಿದೆ.

ಗಂಡ ಅಭಿಜಿತ ಕಾರ್ಖಾನೆಯಲ್ಲಿದ್ದಾನೆ. ಕಬ್ಬು ನುರಿಸುವ ಹಂಗಾಮು ಮುಗಿಯುವವರೆಗೆ ಸಕ್ಕರೆ ಲ್ಯಾಬಿನಲ್ಲಿ ಅವನಿಗೆ ರಾತ್ರಿ ಪಾಳಿ, ಫೋನು ಗೇಟಿನ ಪೆಟ್ಟಿಗೆಯಲ್ಲಿ. ನಾವು ಸಾಲಹಳ್ಳಿಗೆ ಬಂದು ಐದು ತಿಂಗಳಾಯಿತು. ನಮ್ಮ ಬಾಡಿಗೆ ಮನೆಗೂ ಕೋಟೆಯಂಥ ಹಳೆಯ ವಾಡೆಗೂ ಒಂದೇ ಗೋಡೆ. ಎರಡಾಳೆತ್ತರದ ಕಲ್ಲು ಮಣ್ಣು. ಅದಕ್ಕೆ ಒರಗಿ ಅಡುಗೆಮನೆ, ಅಡುಗೆಮನೆಯ ಬಾಗಿಲಿಗೆ ತೊಟ್ಟಿಲು. ತೊಟ್ಟಿಲನ್ನು ಮುಂದಿನ ಕೋಣೆಗೆ ಎಳೆದೆ. ಅಲ್ಲಿ ಸೊಳ್ಳೆ. ಮತ್ತೆ ಒಳಗೆ ಎಳೆದೆ.

ಅತ್ತೆಯವರಿಗೆ ಫೋನ್ ಮಾಡಬೇಕೆನಿಸಿತು, ಮಾಡಲಿಲ್ಲ. ಹೋದ ವಾರ ರಾತ್ರಿ ಎರಡು ಗಂಟೆಗೆ ಮಾಡಿದ್ದೆ, ಕೂಸಿನ ಅಂಗಾಲು ತಣ್ಣಗಿದೆ ಎಂದು. ಅದಕ್ಕೂ ಹಿಂದೆ, ಅವಳು ನಿದ್ದೆಯಲ್ಲಿ ನಕ್ಕಳೆಂದು. ನಿನ್ನೆ ಬೈಲಹೊಂಗಲದಿಂದ ಬಂದೇಬಿಟ್ಟರು. ಅತ್ತೆ ಕಮಲಾಬಾಯಿಯವರು ಕೂಗಾಡುವವರಲ್ಲ. ಚಹಾ ಕುಡಿದರು, ಕಪ್ಪು ತೊಳೆದಿಟ್ಟರು, ಸೆರಗಿಗೆ ಕೈ ಒರೆಸಿಕೊಂಡು ಹೇಳಿದರು.

"ಮೃಣಾಲಿನಿ, ಇನ್ನೊಂದು ತಿಂಗಳು ನೋಡ್ತೀನಿ. ನಿನಗ ನಿದ್ದಿ ಹತ್ತಿತು, ಈ ಅಪರಾತ್ರಿ ಫೋನು ನಿಂತ್ವು, ಭಾಳ ಛಲೋ ಆತು. ಇಲ್ಲಂದ್ರ ಕೂಸು ಮಳಿಗಾಲದ ತನಕ ನನ್ನ ಹತ್ರ ಇರ್ತದ. ನಿನ್ನ ಮ್ಯಾಲೆ ಸಿಟ್ಟಿಲ್ಲ. ಆದರ ಹಿಂಗ ನಡೀಲಿಕ್ಕಿಲ್ಲ."

ನಾನು ಇಲ್ಲ ಅನ್ನಲಿಲ್ಲ. ಇಲ್ಲ ಅನ್ನಲಿಕ್ಕೂ ನಿದ್ದೆಯಾಗಿರಬೇಕು.

ಜನವರಿ 11, ರವಿವಾರ

ಗೋಡೆ ಬೀಳುತ್ತದೆ ಎಂದು ಹೇಳಿ ಬರಲಿಕ್ಕೆಂದೇ ಹೋದೆ. ಕಂಕುಳಲ್ಲಿ ಶಿವಾನಿ, ಬಾಯಲ್ಲಿ ಜಗಳದ ಮಾತು ತಯಾರು. ವಾಡೆಯ ದೊಡ್ಡ ಬಾಗಿಲು ತೆರೆದಿತ್ತು. ಒಳಗೆ ಹತ್ತು ಹನ್ನೆರಡು ಜನ. ಯಾರೋ ಕಸ ಬಳಿಯುತ್ತಿದ್ದರು, ಇಬ್ಬರು ಹುಡುಗಿಯರು ಮರದ ಕಂಬಗಳಿಗೆ ನಂಬರ್ ಚೀಟಿ ಕಟ್ಟುತ್ತಿದ್ದರು. ಅವರಲ್ಲಿ ದೊಡ್ಡವರು ತ್ರ್ಯಂಬಕ ಸರ್. ಇತಿಹಾಸ ಕಲಿಸಿ ನಿವೃತ್ತರಾದವರು, ಸವದತ್ತಿಯಿಂದ ಬರುತ್ತಾರಂತೆ. ವಾಡೆಯ ಒಡೆಯರ ಒಪ್ಪಿಗೆ ಪಡೆದು ಪ್ರತಿ ರವಿವಾರ ತಮ್ಮ ಬಳಗದವರನ್ನು ಕರೆತಂದು, ಬಿದ್ದದ್ದನ್ನು ಎತ್ತಿ, ಬೀಳುವುದನ್ನು ಹಿಡಿದು ನಿಲ್ಲಿಸುವ ಕೆಲಸ. ಯಾರಿಗೂ ಪಗಾರವಿಲ್ಲ. ಗಾರೆ ಕೆಲಸದ ಜಟ್ಟೆಪ್ಪ ಮತ್ತು ದೇವಕ್ಕ ಇಬ್ಬರಿಗೆ ಮಾತ್ರ ಕೂಲಿ.

"ನಿಮ್ಮ ಗೋಡಿ ನಮ್ಮ ಮ್ಯಾಲೆ ಬೀಳ್ತದ," ಎಂದೆ.

"ಗೋಡಿ ಅಲ್ಲ ತಂಗಿ, ಮ್ಯಾಲೆ ಮೆತ್ತಿದ ಗಿಲಾವು ಬಿದ್ದದ," ಎಂದರು ಸರ್. "ಯಾರೋ ಪುಣ್ಯಾತ್ಮರು ಹಳೇ ಗಚ್ಚಿನ ಮ್ಯಾಲೆ ಸಿಮೆಂಟ್ ಮೆತ್ಯಾರ."

ಜಟ್ಟೆಪ್ಪ ಅಟ್ಟಣಿಗೆಯ ಮೇಲಿಂದಲೇ ಹೇಳಿದ, "ಮಳ್ಯಾಗ ಪ್ಲಾಸ್ಟಿಕ್ ಅಂಗಿ ತೊಟ್ಟು ಹೊಲದಾಗ ದುಡದಂಗ್ರಿ ಅಕ್ಕಾರ. ಹೊರಗಿನ ನೀರ ಒಳಗ ಬರೂದಿಲ್ಲ ಖರೆ, ಒಳಗಿನ ಬೆವರ ಎಲ್ಲಿ ಹೋಗಬೇಕು? ಚರ್ಮ ಕಿತಗೊಂಡು ಬರತೈತಿ."

ಇದನ್ನು ನಾನು ಯಾವತ್ತೂ ಯೋಚಿಸಿರಲಿಲ್ಲ, ಗೋಡೆಗೂ ಬೆವರುಂಟೆಂದು. ಆದರೂ ಬಿಡಲಿಲ್ಲ. ಅಡುಗೆಮನೆಯ ಬಿರುಕು ತೋರಿಸಲು ಸರ್ ಅವರನ್ನು ಮನೆಗೇ ಕರೆದುಕೊಂಡು ಬಂದೆ. ಅವರು ಬಿರುಕಿಗೆ ಅಡ್ಡಲಾಗಿ ಬೆರಳಗಲದ ತೆಳು ಗಾಜಿನ ಪಟ್ಟಿಯೊಂದನ್ನಿಟ್ಟು, ಎರಡೂ ತುದಿಗೆ ಗಾರೆ ಮೆತ್ತಿ, ಪಕ್ಕದಲ್ಲಿ ಸೀಸದಕಡ್ಡಿಯಿಂದ ತಾರೀಖು ಬರೆದರು.

"ಗೋಡಿ ಕೂದಲೆಳಿಯಷ್ಟು ಸರದರೂ ಈ ಗಾಜು ಒಡೀತದ. ದಿನಾ ನೋಡ್ರಿ. ಒಡೀಲಿಲ್ಲಂದ್ರ ಗೋಡಿ ನಿಂತದ ಅಂತ ತಿಳೀರಿ. ಅಂಜಿಕಿ ಬಂತಂದ್ರ ಅಳೀಬೇಕು ತಂಗಿ, ಕಲ್ಪನಾ ಮಾಡಬಾರದು. ಒಡದ್ರ ಫೋನ್ ಮಾಡ್ರಿ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಏಳರ ತನಕ ಮಾತ್ರ ನಂದು ಬಂದ್ ಇರ್ತದ."

ಇವತ್ತು ಗಾಜನ್ನು ಹನ್ನೊಂದು ಸಲ ನೋಡಿದೆ.

ಜನವರಿ 18, ರವಿವಾರ

ಸುಮ್ಮನೆ ನೋಡಿ ಬರೋಣವೆಂದು ಹೋದವಳು ಸಂಜೆ ಐದಕ್ಕೆ ಬಂದೆ. ಉಗುರೊಳಗೆ ಸುಣ್ಣ. ಕೈ ಉರಿಯುತ್ತಿದೆ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬರೆಯುತ್ತಿದ್ದೇನೆ.

ಶಿವಾನಿಯನ್ನು ಬೇವಿನ ಗಿಡಕ್ಕೆ ಸೀರೆ ಕಟ್ಟಿ ಜೋಲಿಯಲ್ಲಿ ಮಲಗಿಸಿದ್ದೆ. ನಾಲ್ಕು ಬುಟ್ಟಿ ಹೊರುವುದರಲ್ಲಿ ಆರು ಸಲ ಹೋಗಿ ನೋಡಿದೆ. ದೇವಕ್ಕ ಮರಳು ಸಾಣಿಸುತ್ತ ನೋಡುತ್ತಲೇ ಇದ್ದಳು. ಐವತ್ತೈದರ ಹೆಂಗಸು, ಮಾತು ಕಡಿಮೆ ಎಂದುಕೊಂಡಿದ್ದೆ.

"ನೋಡಿ ನೋಡಿ ಕೂಸಿನ ಮಾರಿ ಸವಸ್ತೀರಿ ನೋಡ್ರಿ," ಎಂದಳು.

"ಉಸಿರಾಡ್ತದೋ ಇಲ್ಲೋ ಅಂತ."

"ನೀವು ನೋಡದಿದ್ರೂ ಆಡತೈತ್ರಿ ಅದು. ನಾ ಐದ ಹಡದೇನಿ. ಒಂದರ ಉಸರೂ ಎಣಸಿಲ್ಲ. ನನಗ ನೂರರ ಮುಂದ ಎಣಸಾಕ ಬರೂದಿಲ್ಲ."

ನಕ್ಕುಬಿಟ್ಟೆ. ನಗುವುದರಲ್ಲಿ ಏಳನೆಯ ಸಲ ಹೋಗುವುದು ಮರೆತೆ.

ಗಚ್ಚು ಎಂದರೆ ಏನೆಂದು ಇವತ್ತು ತಿಳಿಯಿತು. ಸುಟ್ಟ ಸುಣ್ಣದ ಕಲ್ಲನ್ನು ತಿಂಗಳುಗಟ್ಟಲೆ ನೀರಿನಲ್ಲಿ ಅರಳಿಸಬೇಕು. ಆಮೇಲೆ ಮರಳು, ಬೆಲ್ಲದ ನೀರು, ಅಳಲೆಕಾಯಿ ಕುದಿಸಿದ ನೀರು. ಕುಟ್ಟುವುದು, ಮುಚ್ಚಿಡುವುದು, ಮತ್ತೆ ಕುಟ್ಟುವುದು. ಹದವಾಯಿತೇ ಎಂದು ನೋಡಲು ಜಟ್ಟೆಪ್ಪ ಗಾರೆ ಮೆತ್ತುವ ಕರಣಿಯ ಮೇಲೆ ಒಂದು ಮುದ್ದೆ ತೆಗೆದುಕೊಂಡು, ಕರಣಿಯನ್ನು ಬೋರಲು ಹಿಡಿದ. ಮುದ್ದೆ ಬೀಳಲಿಲ್ಲ. "ಈಗ ಇದಕ್ಕ ಮನಸಾಗೇತಿ," ಎಂದ. ನಾನೂ ಹಿಡಿದೆ. ನನ್ನದು ನೇರ ನನ್ನ ಪಾದದ ಮೇಲೆ ಬಿತ್ತು. "ನಿಮ್ಮದರ ಮನಸು ಇನ್ನೂ ಮನಿಕಡೆ ಐತ್ರಿ."

ಬೆಲ್ಲ ಏಕೆ? ಅಳಲೆಕಾಯಿ ಏಕೆ? ಜಟ್ಟೆಪ್ಪನಿಗೂ ಗೊತ್ತಿಲ್ಲ. ಅವನಪ್ಪ ಹಾಕುತ್ತಿದ್ದನಂತೆ. ರಸಾಯನಶಾಸ್ತ್ರ ಓದಿದ್ದು ನಾನು, ನನಗೂ ಗೊತ್ತಿಲ್ಲ. ಅಭಿಜಿತನ ಹಳೆಯ ಪುಸ್ತಕ ತೆಗೆದು ನೋಡಬೇಕು.

ಸರ್ ಅವರ ಅಕ್ಷರ ಕೋಳಿ ಕೆದರಿದಂತಿದೆ. ಊರ ಹಿರಿಯರು ಹೇಳಿದ್ದನ್ನೆಲ್ಲ ಇನ್ನು ಮುಂದೆ ನಾನು ಬರೆದುಕೊಂಡು, ವಾಡೆಯಲ್ಲಿ ಎಲ್ಲೆಲ್ಲಿ ಏನಿತ್ತೆಂದು ಪಟ್ಟಿ, ನಕ್ಷೆ ಮಾಡಬೇಕಂತೆ. ಹೂಂ ಅಂದೆ.

ಜನವರಿ 22

ಎರಡು ಸಲ ಎದ್ದೆ. ಗಾಜು ಒಡೆದಿಲ್ಲ. ಅದರ ಮೇಲೆ ಒಂದು ಇರುವೆ, ದಾಟಲೋ ಬೇಡವೋ ಎಂದು ನಿಂತಿತ್ತು.

ಜನವರಿ 25, ರವಿವಾರ

ಇವತ್ತು ಪೂರ್ತಿ ಹುಡೇವಿನ ದಿನ. ಹುಡೇವು ಎಂದರೆ ವಾಡೆಯ ಮೂಲೆಗೆ ಕಾವಲಿಗೆಂದು ಕಟ್ಟುವ ದುಂಡನೆಯ ಬುರುಜು. ತೆಂಕಣ ಮೂಲೆಯಲ್ಲಿ ಒಂದರ ಅರ್ಧ ಉಳಿದಿದೆ. ಸರ್ ಬೆಳಗಿನಿಂದ ಅದರ ಸುತ್ತಳತೆ, ಕಲ್ಲಿನ ವರಸೆ, ಬಂದೂಕಿನ ಕಿಂಡಿ ಎನ್ನುತ್ತಿದ್ದರು. ನಾನು ಬರೆದು ಬರೆದು ಕನಸಿನಲ್ಲೂ ಹುಡೇವು ಎನ್ನುವಂತಾಯಿತು.

ಮಧ್ಯಾಹ್ನ ನಿಜಗುಣಪ್ಪ ಅಜ್ಜನ ಮನೆಗೆ ಶಿವಾನಿಯನ್ನು ಎತ್ತಿಕೊಂಡು ನಾನೊಬ್ಬಳೇ ಹೋದೆ. ತೊಂಬತ್ತು ದಾಟಿದೆ. ಹುಡುಗನಾಗಿದ್ದಾಗಿನಿಂದ ವಾಡೆಯಲ್ಲಿ ದುಡಿದವನು. ನಾಳೆ ಮೊಮ್ಮಗಳ ಮನೆಗೆ, ಕಿತ್ತೂರಿಗೆ ಹೊರಟಿದ್ದಾನೆ. ಆಮೇಲೆ ಯಾವಾಗ ಸಿಗುತ್ತಾನೋ. ಹೊರಸಿನ ಮೇಲೆ ಕುಳಿತು, ಕಣ್ಣು ಮುಚ್ಚಿ, ವಾಡೆಯನ್ನು ಬಾಗಿಲಿನಿಂದ ಒಳಗೆ ನಡೆದು ತೋರಿಸಿದ. ಇಲ್ಲಿ ಕುದುರೆ, ಇಲ್ಲಿ ಒಳಕಲ್ಲು, ಇಲ್ಲಿ ನಾನು ಏಟು ತಿಂದದ್ದು. ಅವನ ಮಾತು ಕೊನೆಗೆ ಬರುವಾಗ ಶಿವಾನಿ ಕಿರುಚಲು ಸುರು ಮಾಡಿದಳು. ಅಜ್ಜನಿಗೆ ಒಂದೂ ಹಲ್ಲಿಲ್ಲ.

"ಇನ್ನೊಮ್ಮೆ ಹೇಳ್ರಿ ಅಜ್ಜಾ, ಏನು ಎರಡು?"

"ಎಷ್ಟ ಸಲ ಹೇಳಲಿ ಬೇ. ಮಾತ ಬರಕೊಳ್ಳಾಕ ಬಂದೀಯೋ, ನನ್ನ ಹಲ್ಲ ಎಣಸಾಕ ಬಂದೀಯೋ?"

ನಾಚಿಕೆಯಾಗಿ ಮತ್ತೆ ಕೇಳಲಿಲ್ಲ. ಹೀಗೆ ಬರೆದುಕೊಂಡಿದ್ದೇನೆ. 'ಹುಡೇವು ಎರಡು. ಒಂದು ಬಿದ್ದಿದೆ. ಇನ್ನೊಂದು ದೊಡ್ಡ ಬಾಗಿಲ ಒಳಗೆ ಎಡಕ್ಕೆ. ಅದರ ಬಾಯಿ ಮುಚ್ಚಿ ಮೇಲೆ ಚಪ್ಪಟೆ ಪರಸಿ ಕಲ್ಲು ಹಾಸಿ ಮಣ್ಣು ಎಳೆದಿದೆ. ಮೊದಲು ದೀಪ ಇಳಿಸಿ ಆಮೇಲೆ ಮನುಷ್ಯ ಇಳಿಯುತ್ತಿದ್ದ.'

ಬುರುಜಿಗೆ ಬಾಯಿ ಎಲ್ಲಿಯದು? ಇಳಿಯುವುದು ಏನು, ಹತ್ತುವುದಲ್ಲವೇ? ಸರ್ ಅವರನ್ನು ಕೇಳಿದೆ. "ಬಾಯಿ ಅಂದ್ರ ಬಾಗಿಲ ಇರಬೇಕು. ಮ್ಯಾಲಿಂದು ಕೆಡವಿ, ಬುಡ ಉಳಿಸಿ, ಪರಸಿ ಹಾಸ್ಯಾರ. ಭಾರೀ ಸುದ್ದಿ ತಂದೀರಿ ನೀವು. ಎರಡನೇ ಹುಡೇವು ಯಾರಿಗೂ ಗೊತ್ತಿರಲಿಲ್ಲ." ಜಟ್ಟೆಪ್ಪ ತನ್ನ ಟೋಪಿ ತೆಗೆದು ನನಗೆ ಕೈಮುಗಿದ. ಅಣಕವೇ, ಆದರೂ ಚೆನ್ನಾಗಿತ್ತು.

ದೀಪದ ವಿಷಯ ಮಾತ್ರ ನನಗೆ ಬಗೆಹರಿಯಲಿಲ್ಲ. ಒಳಗೆ ಮೆಟ್ಟಿಲಿದ್ದವೇ? ಬಾಗಿಲ ಎಡಕ್ಕೆ ಹೋಗಿ ಅರ್ಧ ಗಂಟೆ ಕುಳಿತೆ. ಬರೀ ಮಣ್ಣು, ಗರಿಕೆ. ಶಿವಾನಿ ಮಣ್ಣು ತಿಂದಳು. ಡಾಕ್ಟರಿಗೆ ಫೋನ್ ಮಾಡಬೇಕೆಂದುಕೊಂಡು, ನೀರು ಕುಡಿಸಿದೆ.

ಫೆಬ್ರುವರಿ 1, ರವಿವಾರ

ಮುಂದಿನ ರವಿವಾರ ದೊಡ್ಡ ಕೆಲಸ. ರಾಮದುರ್ಗದ ಕಾಲೇಜಿನಿಂದ ಮೂವತ್ತು ಹುಡುಗ ಹುಡುಗಿಯರು ಬರುತ್ತಾರೆ. ಬೆಳಿಗ್ಗೆ ಆರೂವರೆಗೆ ಪರಶು ಎನ್ನುವವನ ಟ್ರ್ಯಾಕ್ಟರು. ಟ್ರಾಲಿಯಲ್ಲಿ ಅರ್ಧ ಕಲ್ಲು, ಅದರ ಮೇಲೆ ಹುಡುಗರು. ಟ್ರ್ಯಾಕ್ಟರ್ ಒಳಗೆ ತರುವುದೋ ಬೇಡವೋ ಎಂದು ಚರ್ಚೆಯಾಯಿತು.

ಜಟ್ಟೆಪ್ಪ ಕಾಲಿನಿಂದ ನೆಲ ಒದ್ದು ನೋಡಿದ. "ಬಲಕ್ಕ ಮೆತ್ತಗೈತ್ರಿ. ಗಾಲಿ ಹೂತರ ನಾವ ಜಗ್ಗಬೇಕು."

ಸರ್ ನನ್ನ ವಹಿ ತೆರೆದು ನಕ್ಷೆಯ ಮೇಲೆ ಬೆರಳಿಟ್ಟರು. "ಎಡಕ್ಕ ತೊಗೊಳ್ಳಿ. ಮೃಣಾಲಿನಿಯವರ ಪಟ್ಟಿ ಪ್ರಕಾರ ಇಲ್ಲಿ ಹುಡೇದ ಬುನಾದಿ ಅದ. ಕಲ್ಲಿನ ಮ್ಯಾಲೆ ಆನಿ ನಿಲ್ಲಿಸಿದ್ರೂ ಏನಾಗೂದಿಲ್ಲ."

ಹೀಗೆ ನನ್ನ ಬರಹದ ಮೇಲೆ ಟ್ರ್ಯಾಕ್ಟರ್ ನಿಲ್ಲುತ್ತದೆ. ಅಭಿಜಿತನಿಗೆ ಹೇಳಿದೆ. ಪಾಳಿ ಮುಗಿಸಿ ಬಂದವನು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ, "ಈಗ ನೀನೂ ಇಂಜಿನಿಯರ್ ಆದಿ ಅಂದಂಗಾತು," ಎಂದ. ಎಷ್ಟು ದಿನಕ್ಕೆ ನನ್ನನ್ನು ನೋಡಿ ಹಾಗೆ ಮಾತಾಡಿದ ಎಂದು ಲೆಕ್ಕ ಹಾಕಿದೆ.

ಬೆಲ್ಲದ ವಿಷಯ ಸಿಕ್ಕಿತು. ಗಾರೆ ಬೇಗ ಒಣಗಿ ಬಿರಿಯದಂತೆ ತಡೆಯುತ್ತದಂತೆ. ಜಟ್ಟೆಪ್ಪನಿಗೆ ಹೇಳಿದರೆ, "ಹಂಗಾರ ನಮ್ಮಪ್ಪಗ ಗೊತ್ತಿತ್ತು," ಎಂದ, ತನಗೇ ಮರ್ಯಾದೆ ಸಿಕ್ಕಂತೆ.

ಫೆಬ್ರುವರಿ 4

ಗಾಜು ನೋಡಲು ಮರೆತೆ. ಈಗ ನೆನಪಾಯಿತು, ಮಧ್ಯಾಹ್ನ ಎರಡಕ್ಕೆ.

ಫೆಬ್ರುವರಿ 7, ಶನಿವಾರ, ಬೈಲಹೊಂಗಲ

ತಿಂಗಳಾಯಿತೆಂದು ಅತ್ತೆಯವರು ಕರೆಸಿಕೊಂಡಿದ್ದಾರೆ. ಸಂಜೆ ನಾಲ್ಕಕ್ಕೆ ಬಂದೆವು, ನಾನೂ ಶಿವಾನಿಯೂ. ನಾಳೆಯ ಕೆಲಸ ತಪ್ಪುತ್ತದೆಂದು ಬೇಜಾರಿತ್ತು, ಆದರೆ ಇವತ್ತೇ ಬಾ ಎಂದಿದ್ದರು.

ಚೆನ್ನಾಗಿಯೇ ಇತ್ತು. ಅತ್ತೆಯವರು ಕೂಸನ್ನು ಎತ್ತಿ ತೂಗಿ ನೋಡಿದರು, ನನ್ನ ಕಣ್ಣಿನ ಕೆಳಗೆ ನೋಡಿದರು. ಎಂಟೂವರೆಗೆ ಊಟಕ್ಕೆ ಕುಳಿತಾಗ ರೊಟ್ಟಿ ಬಡಿಸುತ್ತ, "ಆತು ಬಿಡು, ಕೂಸು ನಿನ್ನ ಹತ್ರನ ಇರಲಿ," ಎಂದರು. ಇಷ್ಟೇ. ನಾನೂ ಹೂಂ ಅಂದೆ, ಇಷ್ಟೇ. ಕಣ್ಣೀರು ಬರುವ ಮೊದಲು ರೊಟ್ಟಿ ಮುರಿದೆ.

ಆಮೇಲೆ ಅವರು ರೊಟ್ಟಿಯ ಜೋಳಕ್ಕೆ ಬೈದರು. ಪೇಟೆಯ ಜೋಳಕ್ಕೆ ವಾಸನೆಯೇ ಇಲ್ಲವಂತೆ. "ಉಗರಗೋಳದಾಗ ನಮ್ಮ ಅಪ್ಪನ ಮನ್ಯಾಗ ಹಗೇವಿನ ಜೋಳ ಉಂಡಾಕಿ ನಾನು. ಒಂಥರಾ ಹುಳಿ ವಾಸನಿ. ಬ್ಯಾಡ ಅಂದ್ರೂ ಎರಡು ರೊಟ್ಟಿ ಹೆಚ್ಚಿಗಿ ಹೋಗ್ತಿತ್ತು."

"ಹಗೇವು ಅಂದ್ರ?"

ನಾನು ಬೆಳಗಾವಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ನಮ್ಮಲ್ಲಿ ಜೋಳ ಡಬ್ಬಿಯಲ್ಲಿರುತ್ತಿತ್ತು.

"ಅಷ್ಟೂ ಗೊತ್ತಿಲ್ಲೇನು? ನೆಲದಾಗ ಹುಗದಿಟ್ಟ ಗಡಿಗಿಹಂಗ ಇರ್ತದ. ಒಳಗ ಇಬ್ಬರನ್ನ ಒಬ್ಬರ ಮ್ಯಾಲೊಬ್ಬರು ನಿಲ್ಲಿಸಬಹುದು, ಅಷ್ಟು ಆಳ. ಬಾಯಿ ಮಾತ್ರ ಸಣ್ಣದು. ಜೋಳ ತುಂಬಿ, ಬಾಯಿ ಮುಚ್ಚಿ, ಪರಸಿ ಇಟ್ಟು ಮಣ್ಣು ಎಳದುಬಿಟ್ರ ಕಳ್ಳರಿಗಲ್ಲ, ಮನಿಯವರಿಗೂ ಗುರ್ತು ಸಿಗೂದಿಲ್ಲ. ತಗದಾಗ ಒಳಗಿನ ಗಾಳಿ ಕೆಟ್ಟಿರ್ತದ. ಮೊದಲ ದೀಪ ಇಳಿಸ್ತಿದ್ರು. ದೀಪ ಆರಿದ್ರ ಯಾರೂ ಇಳಿಯೂಹಂಗಿಲ್ಲ."

ಬಾಯಲ್ಲಿದ್ದ ತುತ್ತು ಅಲ್ಲೇ ಉಳಿಯಿತು. ಹಗೇವು. ಹುಡೇವು. ಎರಡನ್ನೂ ಜೋರಾಗಿ ಹೇಳಿದೆ. ಆಮೇಲೆ ಹಲ್ಲಿಲ್ಲದವರಂತೆ ತುಟಿ ಒಳಗೆಳೆದುಕೊಂಡು ಹೇಳಿದೆ. ಅತ್ತೆಯವರು ತಟ್ಟೆ ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ಬುರುಜಿನ ಬುನಾದಿಯಲ್ಲ. ಅದು ಪೊಳ್ಳು. ನಾಳೆ ಆರೂವರೆಗೆ ಅದರ ಮೇಲೆ ಕಲ್ಲು ತುಂಬಿದ ಟ್ರಾಲಿ, ಟ್ರಾಲಿಯ ಮೇಲೆ ಮೂವತ್ತು ಮಕ್ಕಳು.

"ಮತ್ತ ಸುರು ಆತು," ಎಂದರು ಅತ್ತೆಯವರು.

"ಇಲ್ಲ ಅತ್ತಿ, ಈ ಸಲ ಅಂಜಿಲ್ಲ. ತಪ್ಪು ಬರದೀನಿ."

ಸರ್ ಅವರಿಗೆ ಫೋನ್ ಮಾಡಿದೆ. ಒಂಬತ್ತೂ ಹತ್ತು ಆಗಿತ್ತು, ಬಂದ್. ಜಟ್ಟೆಪ್ಪ ಶನಿವಾರ ತನ್ನೂರಿಗೆ ಹೋಗುತ್ತಾನೆ, ಅಲ್ಲಿ ಫೋನು ಹತ್ತುವುದಿಲ್ಲ. ದೇವಕ್ಕನಿಗೆ ಫೋನೇ ಇಲ್ಲ. ಪರಶುವಿನ ನಂಬರು ಸರ್ ಹತ್ತಿರ ಮಾತ್ರ. ಕಾರ್ಖಾನೆಯ ಗೇಟಿಗೆ ಮಾಡಿದರೆ ಕಾವಲಿನವನು ಕೇಳಿದ, "ಮನ್ಯಾಗ ಯಾರಿಗರೆ ಆರಾಮಿಲ್ಲೇನ್ರಿ?"

"ಎಲ್ಲಾರೂ ಆರಾಮದಾರ. ಆದರ ವಾಡೇದಾಗ..."

"ಆರಾಮದಾರಲ್ಲ, ಹಂಗಾರ ಪಾಳಿ ಬಿಟ್ಟಮ್ಯಾಲೆ ಹೇಳತೇನಿ ಬಿಡ್ರಿ." ಪಾಳಿ ಬಿಡುವುದು ಏಳಕ್ಕೆ.

ಕಿತ್ತೂರಿನ ಮೊಮ್ಮಗಳ ನಂಬರು ವಹಿಯ ಅಂಚಿನಲ್ಲಿತ್ತು. ಎಬ್ಬಿಸಿದರೆ ಅಜ್ಜ ಬೈಯುತ್ತಾನೆ ಎಂದಳು. ಬೈಯಲಿ ಎಂದೆ. ದೂರದಿಂದ ಕೆಮ್ಮು, ಆಮೇಲೆ ಅವನ ದನಿ.

"ಹುಡೇವು ಅಂತ ಯಾವ ಶಾಣ್ಯಾಕಿ ಬರದಾಳ? ಹಗೇವು ಬೇ, ಹಗೇವು. ನಾ ಅದರಾಗ ಇಳದೇನಿ. ನೂರು ಚೀಲದ್ದು. ಮ್ಯಾಲಿನ ಪರಸಿ ಹಾಕಿದ ದಿನಾನ ಸೀಳಿತ್ತು."

ಆ ಶಾಣ್ಯಾಕಿ ನಾನೇ ಎಂದು ಹೇಳಿದೆ. ಅವನು ಇನ್ನೊಮ್ಮೆ ಕೆಮ್ಮಿ, "ಹಂಗಾರ ಅಲ್ಲಿ ಯಾರನ್ನರೆ ಕಾವಲಿಗೆ ನಿಂದರಸು," ಎಂದ.

ಅತ್ತೆಯವರು ಬಾಗಿಲಲ್ಲಿ ನಿಂತು ಎಲ್ಲ ಕೇಳಿದರು. ಅರ್ಧ ಮಾತ್ರ ಕೇಳಿಸಿರಬೇಕು, ನನ್ನ ಕಡೆಯ ಅರ್ಧ. ಶಿವಾನಿಯನ್ನು ಎತ್ತಿಕೊಂಡು ತಮ್ಮ ಕೋಣೆಗೆ ಹೋದರು. ಚಿಲಕ ಹಾಕಿದ ಸದ್ದಾಯಿತು. ನಾಳೆ ಏನು ಹೇಳುತ್ತಾರೋ ಹೇಳಲಿ, ಅದು ನಾಳೆಯ ಮಾತು. ಈಗ ಹತ್ತೂ ಇಪ್ಪತ್ತು. ಇಲ್ಲಿಂದ ಮೊದಲ ಬಸ್ಸು ಹಿಡಿದರೂ ಸಾಲಹಳ್ಳಿ ಮುಟ್ಟುವಾಗ ಎಂಟು ದಾಟುತ್ತದೆ. ಗಾಡಿ ಬಾಡಿಗೆಯ ಇಬ್ಬರಿಗೆ ಮಾಡಿದೆ. ಒಬ್ಬ ಎತ್ತಲಿಲ್ಲ, ಒಬ್ಬ ಮದುವೆಯ ಜನ ತರಲು ಹೋಗಿದ್ದಾನೆ.

ಬಳಗದ ವಾಟ್ಸಾಪ್ ಗುಂಪಿನಲ್ಲಿ ಅರವತ್ತನಾಲ್ಕು ಜನರಿದ್ದೇವೆ. ಬರೆದು ಹಾಕಿದೆ. ಯಾರೂ ನೋಡಿಲ್ಲ. ಮೇಲೊಬ್ಬರು ಶುಭರಾತ್ರಿಯ ಹೂವು ಹಾಕಿದ್ದಾರೆ, ಅದರ ಕೆಳಗೆ ನನ್ನದೂ ಅಂಥದ್ದೇ ಏನೋ ಎಂದುಕೊಳ್ಳುತ್ತಾರೆ. ಅದಕ್ಕೇ ಈ ವಹಿಯಲ್ಲೇ ದೊಡ್ಡ ಅಕ್ಷರದಲ್ಲಿ ಬರೆದು, ಪುಟದ ಚಿತ್ರ ತೆಗೆದು, ಗುಂಪಿಗೂ, ನನ್ನ ಫೋನಿನಲ್ಲಿರುವ ಪ್ರತಿಯೊಬ್ಬರಿಗೂ, ಅತ್ತೆಯವರಿಗೂ ಕಳಿಸುತ್ತಿದ್ದೇನೆ. ಇಲ್ಲಿಂದ ಕೆಳಗಿನದು ನಿಮಗೆ.

ಇದನ್ನು ಓದುತ್ತಿರುವವರೇ, ನಾನು ಮೃಣಾಲಿನಿ. ಸಾಲಹಳ್ಳಿಯ ವಾಡೆಯ ಪಟ್ಟಿ ಬರೆದವಳು. ದೊಡ್ಡ ಬಾಗಿಲ ಒಳಗೆ ಎಡಕ್ಕೆ ಹುಡೇವಿದೆ ಎಂದು ಬರೆದಿದ್ದೇನೆ. ಅದು ತಪ್ಪು, ನನ್ನ ತಪ್ಪು. ಅಲ್ಲಿರುವುದು ಹಗೇವು. ಒಳಗೆ ಟೊಳ್ಳು, ಮೇಲಿನ ಪರಸಿ ಸೀಳಿದೆ. ನಾಳೆ ಬೆಳಿಗ್ಗೆ ಆರೂವರೆಗೆ ಪರಶುವಿನ ಟ್ರ್ಯಾಕ್ಟರು ಮಕ್ಕಳನ್ನು ಕೂರಿಸಿಕೊಂಡು ಅದರ ಮೇಲೆ ಹೋಗಲಿದೆ. ಪರಶುವಿನ ಮನೆ ಗೊತ್ತಿದ್ದವರು, ತ್ರ್ಯಂಬಕ ಸರ್ ಮನೆಯ ಹತ್ತಿರ ಇರುವವರು, ರಾಮದುರ್ಗದ ಆ ಕಾಲೇಜಿನ ಒಬ್ಬ ಹುಡುಗನ ಪರಿಚಯವಾದರೂ ಇರುವವರು, ಹೋಗಿ ಬಾಗಿಲು ಬಡಿಯಿರಿ. ಸಾಲಹಳ್ಳಿಯವರಾದರೆ ಎದ್ದು ಹೋಗಿ ವಾಡೆಯ ಬಾಗಿಲಿಗೆ ಎರಡು ಕಲ್ಲು ಅಡ್ಡ ಉರುಳಿಸಿ. ಹಗೇವಿನ ಹತ್ತಿರ ಮಾತ್ರ ಕಾಲಿಡಬೇಡಿ.

ನಾನು ಸುಮ್ಮಸುಮ್ಮನೆ ಅಂಜುವವಳು ಎಂದು ನಿಮಗೆ ಯಾರಾದರೂ ಹೇಳಿರಬಹುದು. ಅದು ಖರೆ. ನಂಬದಿದ್ದರೂ ನಡೆಯುತ್ತದೆ, ಬೈಯಲಿಕ್ಕಾದರೂ ಫೋನ್ ಮಾಡಿ. ಹನ್ನೆರಡಾದರೂ ಸರಿ, ಮೂರಾದರೂ ಸರಿ, ಬೆಳಗಾಗುವ ಮೊದಲು ಒಬ್ಬರಾದರೂ ಫೋನ್ ಮಾಡಿ.